ಮೆಡಿಕಲ್ ಸ್ಟೋರಿನವರು ಬದಲಿಸಿ ಕೊಟ್ಟ ಕಣ್ಣಿನ ಡ್ರಾಪ್ಸ್ ಮಗುವಿಗೆ ಹಾಕುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ, ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಮೂರು ವರ್ಷದ ಮಗಳಿಗೆ ಒಂದು ಕಣ್ಣು ಕೆಂಪಾಯಿತು. ನೀರು ಸುರಿಯುತ್ತಿತ್ತು, ಬೆಳಗ್ಗೆ ಏಳುವಾಗ ರೆಪ್ಪೆಗೆ ಸ್ವಲ್ಪ ಗೀಜು ಅಂಟಿರುತ್ತಿತ್ತು. ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಬರೀ ಆಂಟಿಬಯೋಟಿಕ್ ಇರುವ ಡ್ರಾಪ್ಸ್ ಬರೆದುಕೊಟ್ಟು, ಎರಡು ದಿನದಲ್ಲಿ ಕಮ್ಮಿಯಾಗದಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಅಂದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು.

ಎಡವಟ್ಟಾದದ್ದು ಮೆಡಿಕಲ್ ಸ್ಟೋರಿನಲ್ಲಿ. ಕೌಂಟರಿನಲ್ಲಿದ್ದವರು ಚೀಟಿ ನೋಡಿ, "ಇದು ಖಾಲಿಯಾಗಿದೆ, ಇದನ್ನು ತಗೊಳ್ಳಿ, ಎರಡೂ ಒಂದೇ, ಇದು ಇನ್ನೂ ಬೇಗ ಕೇಳುತ್ತೆ" ಅಂತ ಬೇರೆ ಬಾಟಲಿ ಕೊಟ್ಟರು. ಹೆಸರು ಹೆಚ್ಚುಕಮ್ಮಿ ಅದೇ, ಕೊನೆಯಲ್ಲಿ ಒಂದು ಅಕ್ಷರ ಮಾತ್ರ ಜಾಸ್ತಿ. ಆ ಒಂದು ಅಕ್ಷರದ ಅರ್ಥ ಡೆಕ್ಸಾಮೆಥಾಸೋನ್, ಅಂದರೆ ಸ್ಟೆರಾಯ್ಡ್. ಬಾಟಲಿ ಮೇಲೆ ಅದನ್ನು ಎಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ ಅಂದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಮಾತ್ರ ಓದಲು ಬರುತ್ತದೆ.

ಮೊದಲು ಕಣ್ಣು ತಿಳಿಯಾಯಿತು. ಮನೆಯವರೆಲ್ಲ ಖುಷಿಪಟ್ಟರು. ಸ್ಟೆರಾಯ್ಡ್ ಮೋಸ ಮಾಡುವುದೇ ಹೀಗೆ: ಅದು ಕೆಂಪು, ಉರಿ, ಊತ ಎಲ್ಲವನ್ನೂ ಇಳಿಸುತ್ತದೆ, ಸೋಂಕನ್ನು ಕೊಲ್ಲುವುದಿಲ್ಲ, ಬದಲಿಗೆ ಸೋಂಕಿನ ವಿರುದ್ಧ ಹೋರಾಡುವ ದೇಹದ ಶಕ್ತಿಯನ್ನೇ ಆ ಜಾಗದಲ್ಲಿ ತಗ್ಗಿಸುತ್ತದೆ. ಆಮೇಲೆ ಮಗು ಕಿಟಕಿ ಕಡೆ ಮುಖ ಮಾಡುವುದನ್ನೇ ಬಿಟ್ಟಿತು. ಲೈಟ್ ಹಾಕಿದರೆ ದಿಂಬಿನಲ್ಲಿ ಮುಖ ಹುದುಗಿಸಿ ಅಳು. ಆ ಕಣ್ಣನ್ನು ಬಿಡಿಸಲು ಹೋದರೆ ನಮ್ಮ ಕೈ ತಳ್ಳುತ್ತಿದ್ದಳು.

ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಹಳದಿ ಬಣ್ಣದ ದ್ರವ ಮುಟ್ಟಿಸಿ ನೀಲಿ ಬೆಳಕು ಬಿಟ್ಟರು. ಕರಿಗುಡ್ಡೆಯ ಮೇಲೆ ಮರದ ಕೊಂಬೆಯಂತೆ ಕವಲೊಡೆದ ಹಸಿರು ಗೆರೆ ಹೊಳೆಯಿತು, ನನಗೂ ತೋರಿಸಿದರು. ಹರ್ಪಿಸ್ ವೈರಸ್ಸಿನಿಂದ ಕಾರ್ನಿಯಾದಲ್ಲಿ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ, ಆದ ಹುಣ್ಣು. ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳಿಸುವ ಅದೇ ವೈರಸ್. (ತುಟಿಯಲ್ಲಿ ಗುಳ್ಳೆ ಇರುವ ದೊಡ್ಡವರು ಮಕ್ಕಳಿಗೆ ಮುತ್ತು ಕೊಡಬೇಡಿ ಅಂತ ಹೇಳಿದರೆ ನಮ್ಮ ಮೇಲೇ ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ.) ಇದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ವೈರಸ್ಸಿನ ಔಷಧಿ ಇಲ್ಲದೆ ಸ್ಟೆರಾಯ್ಡ್ ಹಾಕಿದರೆ ಹುಣ್ಣು ಹರಡುತ್ತದೆ. ತಕ್ಷಣ ಆ ಬಾಟಲಿ ನಿಲ್ಲಿಸಿ ಏಸೈಕ್ಲೋವಿರ್ ಅನ್ನುವ ವೈರಸ್ಸಿನ ಮುಲಾಮು ಶುರು ಮಾಡಿದರು, ದಿನಕ್ಕೆ 5 ಸಲ. ಹುಣ್ಣು ಮಾಗಿತು, ಮಸುಕು ಕಲೆ ಒಂದು ಉಳಿದಿದೆ. ಈ ವೈರಸ್ ನರದಲ್ಲಿ ಅಡಗಿ ಕೂತಿದ್ದು ಮತ್ತೆ ಬರಬಹುದಾದ್ದರಿಂದ ತಪಾಸಣೆ ಇನ್ನೂ ನಡೆಯುತ್ತಿದೆ.

ಅಂಗಡಿಯವರನ್ನು ಕೇಳಿದ್ದಕ್ಕೆ "ಎಲ್ಲರಿಗೂ ಇದನ್ನೇ ಕೊಡೋದು" ಅಂದರು. ಅದೇ ಅಲ್ವಾ ಭಯ ಹುಟ್ಟಿಸುವ ವಿಷಯ.

ಅದಕ್ಕೇ ಹೇಳುತ್ತಿರುವುದು, ಡ್ರಾಪ್ಸ್ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನೋಲ್, ಇವೆಲ್ಲ ಸ್ಟೆರಾಯ್ಡ್‌ಗಳೇ. ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ ಬರೆದಿದ್ದರೆ ಅದಕ್ಕೆ ಕಾರಣ ಇರುತ್ತದೆ, ಹೆದರಿ ನೀವೇ ನಿಲ್ಲಿಸಬೇಡಿ. ಆದರೆ ಚೀಟಿಯಲ್ಲಿ ಇಲ್ಲದ್ದು ಬಾಟಲಿಯಲ್ಲಿದ್ದರೆ ವಾಪಸ್ ಕೊಡಿ, ಇಲ್ಲವೇ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ. ಸ್ಟೆರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು, ಪೊರೆಯೂ ಬರಬಹುದು. ಹಿಂದಿನ ಸಲ ಉಳಿದ ಬಾಟಲಿ, ಅಣ್ಣನಿಗೆ ತಂದ ಬಾಟಲಿ, ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಬಾಟಲಿ ಯಾವುದೂ ಬೇಡ. ಸಾಮಾನ್ಯವಾಗಿ ಮುಚ್ಚಳ ತೆಗೆದ 4 ವಾರಕ್ಕೆ ಡ್ರಾಪ್ಸ್ ಎಸೆಯಬೇಕು.

ಇನ್ನು ಯಾರ ಹತ್ತಿರ ಹೋಗಬೇಕು ಅನ್ನುವುದು. ಎರಡೂ ಕಣ್ಣು ಕೆಂಪಗಿದ್ದು, ನೆಗಡಿ ಇದ್ದು, ಮಗು ಆಡಿಕೊಂಡಿದ್ದರೆ ಮಕ್ಕಳ ಡಾಕ್ಟರ್ ಸಾಕು. ಹೆಚ್ಚಿನ ಸಲ ಅದು ವೈರಸ್ಸಿನ ಮದ್ರಾಸ್ ಐ, ತಾನಾಗೇ ಹೋಗುತ್ತದೆ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಮೂಗಿನ ಕಡೆಯಿಂದ ಹೊರಕ್ಕೆ ಒಮ್ಮೆ ಒರೆಸಿ ಆ ಹತ್ತಿ ಎಸೆಯಿರಿ, ಟವೆಲ್ ಬೇರೆ ಇಡಿ, ಕೈ ತೊಳೆಯಿರಿ. ಎಳೆ ಮಗುವಿಗೆ ಕಣ್ಣು ಬಿಳಿಯಾಗೇ ಇದ್ದು ಸದಾ ನೀರು, ಗೀಜು ಬರುತ್ತಿದ್ದರೆ ಕಣ್ಣೀರಿನ ನಾಳ ತೆರೆದುಕೊಂಡಿಲ್ಲದೆ ಇರಬಹುದು. ಮಕ್ಕಳ ಡಾಕ್ಟರ್ ಮಸಾಜ್ ಹೇಳಿಕೊಡುತ್ತಾರೆ, ವರ್ಷ ತುಂಬುವುದರೊಳಗೆ ಬಹುತೇಕ ಮಕ್ಕಳಿಗೆ ಸರಿಹೋಗುತ್ತದೆ.

ಆದರೆ ಹುಟ್ಟಿ 28 ದಿನ ಆಗಿರದ ಕೂಸಿಗೆ ಕಣ್ಣು ಕೆಂಪಾಗಿ, ರೆಪ್ಪೆ ಊದಿ, ಕೀವು ಬಂದರೆ ಒಂದು ದಿನವೂ ಕಾಯಬೇಡಿ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ದಾಟುವ ಗೊನೋರಿಯಾ ಸೋಂಕು ಕೆಲವೇ ದಿನಗಳಲ್ಲಿ ಕಾರ್ನಿಯಾಕ್ಕೆ ತೂತು ಮಾಡಬಲ್ಲದು. ಮನೆಮದ್ದು ಅಂತ ಕಣ್ಣಿಗೆ ಎದೆಹಾಲು ಹಿಂಡಿ ಕೂತರೆ ಕಣ್ಣು ಹೋಗುತ್ತದೆ.

ಒಂದೇ ಕಣ್ಣು ಕೆಂಪಾಗಿರುವುದು, ನೋವು, ಬೆಳಕಿಗೆ ಕಣ್ಣು ಬಿಡದಿರುವುದು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ, ರೆಪ್ಪೆ ಮೇಲೆ ನೀರುಗುಳ್ಳೆ, ಕಣ್ಣಿಗೆ ಏನಾದರೂ ಬಡಿದದ್ದು, ಇದರಲ್ಲಿ ಒಂದಿದ್ದರೂ ನೇರವಾಗಿ ಕಣ್ಣಿನ ಡಾಕ್ಟರ್, ಅದೂ ಅವತ್ತೇ. ಕನ್ನಡಕದ ಅಂಗಡಿಯ ಪರೀಕ್ಷೆ ಇದಕ್ಕೆ ಆಗುವುದಿಲ್ಲ, ಅಲ್ಲಿ ಸುಮ್ನೆ ಹೊತ್ತು ಹೋಗುತ್ತದೆ. ರೆಪ್ಪೆ ಊದಿ ಮುಚ್ಚಿಕೊಂಡು ಜ್ವರ ಬಂದಿದ್ದರೆ, ಕಣ್ಣು ಮುಂದೆ ಉಬ್ಬಿದ್ದರೆ, ಕಣ್ಣಾಡಿಸಲು ನೋವಾದರೆ ರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಆ ಸೋಂಕು ಕಣ್ಣಿನ ಹಿಂದಕ್ಕೆ, ಅಲ್ಲಿಂದ ಮೆದುಳಿಗೆ ಹೋಗಬಲ್ಲದು. ಅದಕ್ಕೆ ರಕ್ತನಾಳದ ಮೂಲಕ ಔಷಧ ಬೇಕು, ಡ್ರಾಪ್ಸ್ ಸಾಲದು.

ಹೋಗುವಾಗ ಹಾಕುತ್ತಿರುವ ಬಾಟಲಿಯನ್ನು ಜೊತೆಗೆ ಒಯ್ಯಿರಿ. ಕೌಂಟರಿನಲ್ಲಿ "ಕಣ್ಣು ಕೆಂಪಾಗಿದೆ" ಅಂತ ಶುರು ಮಾಡಬೇಡಿ, ಸಾಲಿನ ಕೊನೆಗೆ ಕೂರಿಸುತ್ತಾರೆ. "ಬೆಳಕಿಗೆ ಕಣ್ಣೇ ಬಿಡ್ತಿಲ್ಲ, ಸ್ಟೆರಾಯ್ಡ್ ಡ್ರಾಪ್ಸ್ ಬಿದ್ದಿದೆ" ಅಂತ ಮೊದಲೇ ಹೇಳಿ. ನಮ್ಮನ್ನು ಆಗಲೇ ಒಳಗೆ ಕರೆದದ್ದು.