ಬೆಳಗಾವಿಯಲ್ಲಿ ಡೆಕ್ಸಾ ಸ್ಕ್ಯಾನ್: ವಿಚಾರಣೆ ಚೆನ್ನಾಗಿದೆ, ವರದಿ ಅಪೂರ್ಣ

ಅಂಗಳದಲ್ಲಿ ಎಡವಿ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದುಕೊಂಡ ನಮ್ಮ ತಾಯಿಯವರಿಗೆ ಮೂಳೆ ವೈದ್ಯರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟಿದ್ದರು. ಅದನ್ನು ಮಾಡಿಸಿದ ಬೆಳಗಾವಿಯ ಸ್ಕ್ಯಾನ್ ಸೆಂಟರಿನ ದೊಡ್ಡ ಗುಣವೆಂದರೆ, ರೋಗಿಯನ್ನು ಯಂತ್ರದ ಮೇಲೆ ಮಲಗಿಸುವ ಮೊದಲು ಕೇಳಬೇಕಾದುದನ್ನೆಲ್ಲ ಕೇಳುತ್ತಾರೆ.

“ಅಮ್ಮಾರ, ನಿನ್ನಿಯಿಂದ ಕ್ಯಾಲ್ಸಿಯಂ ಗುಳಿಗಿ ತಗೊಂಡೀರೇನ್ರಿ?” ಎಂದು ಟೆಕ್ನೀಷಿಯನ್ ಮೊದಲು ವಿಚಾರಿಸಿದರು. ಕರಗದೆ ಉಳಿದ ಗುಳಿಗೆ ಬೆನ್ನೆಲುಬಿನ ಚಿತ್ರದೊಳಗೆ ಸೇರಿಕೊಂಡರೆ ಸಾಂದ್ರತೆ ಇರುವುದಕ್ಕಿಂತ ಹೆಚ್ಚಾಗಿ ತೋರುವುದರಿಂದ, ಹಿಂದಿನ 24 ಗಂಟೆ ಅದನ್ನು ಬಿಡಬೇಕು. ಇತ್ತೀಚೆಗೆ ಬೇರಿಯಂ (ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ದ್ರವ) ಕುಡಿಸಿ ಎಕ್ಸ್‌ರೇ ತೆಗೆದಿದ್ದಾರೆಯೇ, ಸೊಂಟಕ್ಕೆ ರಾಡ್ ಹಾಕಿದ್ದಾರೆಯೇ ಎಂದು ಕೇಳಿದ ಬಳಿಕ, ಊರು ಹುನಗುಂದ ತಾಲ್ಲೂಕಿನದೆಂದು ತಿಳಿದು, ಕುಡಿಯುವುದು ಬೋರ್‌ವೆಲ್ ನೀರೇ ಎಂದೂ ಕೇಳಿದರು. ಬಾಗಲಕೋಟೆ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್, ಕುಡಿಯುವ ನೀರಿಗಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನೆಲುಬು ಸ್ಕ್ಯಾನಿನಲ್ಲಿ ದಟ್ಟವಾಗಿ ಕಂಡರೂ ಅಷ್ಟು ಗಟ್ಟಿಯಾಗಿರುವುದಿಲ್ಲ. ಈ ಸೂಕ್ಷ್ಮ ಬಲ್ಲವರ ಕೈಗೆ ತಾಯಿಯವರನ್ನು ಒಪ್ಪಿಸಿದ್ದು ನನಗೆ ನಿಜಕ್ಕೂ ಸಮಾಧಾನ ತಂದಿತು.

ವಿಕಿರಣದ ಬಗ್ಗೆ ತಾಯಿಯವರಿಗಿದ್ದ ಅಂಜಿಕೆಯನ್ನು ಟೆಕ್ನೀಷಿಯನ್ ತಳ್ಳಿಹಾಕದೆ ಲೆಕ್ಕ ಹೇಳಿ ವಿವರಿಸಿದರು. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್ ಕಿರಣ ಬಳಸುವ ಈ ಪರೀಕ್ಷೆಯಲ್ಲಿ ಮೈಗೆ ತಗಲುವುದು ಸಾಮಾನ್ಯವಾಗಿ 1ರಿಂದ 10 ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ನೆಲ, ಗಾಳಿ, ಆಕಾಶದಿಂದ ನಮಗೆ ದಿನವೂ ಸರಾಸರಿ 6–7 ಮೈಕ್ರೋಸೀವರ್ಟ್ ಹೇಗೂ ತಗಲುತ್ತಿರುತ್ತದೆ. ಹೊಟ್ಟೆಯ ಸಿ.ಟಿ. ಸ್ಕ್ಯಾನಿನದು ಡೆಕ್ಸಾದ ನೂರಾರು, ಕೆಲವೊಮ್ಮೆ ಸಾವಿರಾರು ಪಟ್ಟು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪತ್ರವನ್ನು ಕಣ್ಣಿಗೆ ಬೀಳುವಂತೆ ತೂಗುಹಾಕಿದ್ದಾರೆ; ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಫಲಕ ಕನ್ನಡ, ಮರಾಠಿ ಎರಡರಲ್ಲೂ ಇದೆ. ಕಾಯುವ ಜಾಗ ಇಕ್ಕಟ್ಟು.

ವರದಿ ಮಾತ್ರ ಈ ಎಚ್ಚರಿಕೆಗೆ ತಕ್ಕಂತಿಲ್ಲ. ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿ ಕೊಡುವ ಅಂಕಿಯಾದ ಟಿ-ಸ್ಕೋರ್ ಬೆನ್ನೆಲುಬಿನಲ್ಲಿ ಮೈನಸ್ 1.4, ತೊಡೆಮೂಳೆಯ ಕತ್ತಿನಲ್ಲಿ ಮೈನಸ್ 2.7 ಎಂದು ಬಂದಿತ್ತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ. ಎರಡರಲ್ಲಿ ಕಡಿಮೆ ಇರುವುದನ್ನೇ ಹಿಡಿಯಬೇಕು. ಬೆನ್ನೆಲುಬಿನ ಅಂಕಿ ಮೇಲೆ ನಿಂತದ್ದಕ್ಕೆ ವಯಸ್ಸಿನ ಸವೆತದಿಂದ ಅಂಚಿಗೆ ಬೆಳೆದ ಹೆಚ್ಚುವರಿ ಮೂಳೆಯೋ ಫ್ಲೋರೈಡೋ ಕಾರಣವಿರಬಹುದು ಎಂಬ ಒಂದು ಸಾಲು ಅಲ್ಲಿ ಬೇಕಿತ್ತು. ಅಷ್ಟು ವಿಚಾರಿಸಿ ತಿಳಿದ ನೀರಿನ ವಿಷಯವನ್ನು ಎಲ್ಲಿಯೂ ಬರೆದಿರಲಿಲ್ಲ. ವೈದ್ಯರಿಗೆ ಅದನ್ನು ನಾವೇ ಬಾಯಿಮಾತಿನಲ್ಲಿ ಹೇಳಬೇಕಾಯಿತು. ಒಬ್ಬರೇ ಬಂದ ವೃದ್ಧರಿಗೆ ಇದು ಹೇಗೆ ಸಾಧ್ಯ?

ಇಷ್ಟಾದರೂ ಮುಂದಿನ ಸ್ಕ್ಯಾನಿಗೆ ಇಲ್ಲಿಗೇ ಹೋಗುತ್ತೇವೆ, ಏಕೆಂದರೆ ಯಂತ್ರ ಬದಲಾದರೆ ಹಳೆಯ ಅಂಕಿಗೂ ಹೊಸದಕ್ಕೂ ಹೋಲಿಕೆ ಕೂಡುವುದಿಲ್ಲ. ಬಾಗಲಕೋಟೆ, ವಿಜಯಪುರ ಕಡೆಯಿಂದ ಬರುವವರು ತಮ್ಮ ಊರಿನ ನೀರಿನ ವಿಷಯವನ್ನು ವರದಿಯಲ್ಲಿ ಬರೆಸಿಕೊಂಡೇ ಕೌಂಟರ್ ಬಿಡಬೇಕು.