ಡೀಸೆಲ್ ಪಿಕಪ್‌ಗೆ ವಾಟರ್ ಸಪರೇಟರ್: ಕೆಲವು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಹಾಕಿಸಿದರೆ ಗಾಡಿಯ ಎಳೆತ ಜಾಸ್ತಿ ಆಗುವುದಿಲ್ಲ. ಮೈಲೇಜೂ ಮೊದಲಿನಷ್ಟೇ. ಅಂಗಡಿಯವರು ಎರಡೂ ಸಿಗುತ್ತೆ ಅಂತಾರೆ, ನಂಬಬೇಡಿ. ಇದು ಡೀಸೆಲ್‌ನಿಂದ ನೀರು ಬೇರೆ ಮಾಡುವ ಸಾಮಾನು, ಅಷ್ಟೇ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಬಿಎಸ್-4 (ಹೊಗೆ ಮಾಲಿನ್ಯದ ಹಿಂದಿನ ನಿಯಮ) ಕಾಲದ ಪಿಕಪ್, ಕಾಮನ್ ರೈಲ್ ಎಂಜಿನ್, ಅಂದರೆ ಎಲ್ಲ ಸಿಲಿಂಡರ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು. ಗೊಬ್ಬರಕ್ಕೂ ಅದೇ, ಕಾಫಿ ಮೂಟೆಗೂ ಅದೇ. ಮಳೆಗಾಲದಲ್ಲಿ ಅರ್ಧ ಖಾಲಿ ಇರುವ ಟ್ಯಾಂಕಿನೊಳಗೆ ರಾತ್ರಿ ಹನಿ ಕಟ್ಟುತ್ತದೆ. ಜನರೇಟರ್‌ಗೆ ಅಂತ ಇಟ್ಟ ಬ್ಯಾರೆಲ್‌ನಿಂದ ಆಗಾಗ ಗಾಡಿಗೂ ಸುರಿಯುವುದುಂಟು. ನೀರು ಡೀಸೆಲ್‌ಗಿಂತ ಭಾರ, ತಳಕ್ಕಿಳಿದು ಕೂರುತ್ತದೆ. ಡೀಸೆಲ್ ಎಳೆಯುವ ಪೈಪೂ ತಳದ ಹತ್ತಿರವೇ ಇರುತ್ತದೆ ಅಲ್ವಾ!

ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಹೈ ಪ್ರೆಶರ್ ಪಂಪಿಗೆ ಬೇರೆ ಆಯಿಲ್ ಇಲ್ಲ, ಒಳಗೆ ಓಡುವ ಡೀಸೆಲ್ಲೇ ಅದಕ್ಕೆ ಆಯಿಲ್. ಅದರ ಜೊತೆ ನೀರು ಹೋದರೆ ತುಕ್ಕು, ಸವಕಲು. ಪಂಪಿನಿಂದ ಉದುರಿದ ಲೋಹದ ಪುಡಿ ನೇರ ಇಂಜೆಕ್ಟರ್‌ಗೆ, ಅಂದರೆ ಎಂಜಿನ್‌ನೊಳಗೆ ಡೀಸೆಲ್ ಸಿಂಪಡಿಸುವ ನಳಿಕೆಗೆ. ನಮಗೆ ಕಿಟ್ಟು, ಪೈಪು, ಕೂಲಿ ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಒಂದೇ ಒಂದು ಇಂಜೆಕ್ಟರ್ ಬದಲಿಸಿದರೂ ಅದಕ್ಕಿಂತ ಜಾಸ್ತಿ ಆಗುತ್ತದೆ.

ಕಿಟ್ ತಂದಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. 30 ಮೈಕ್ರಾನ್ ಕಾರ್ಟ್ರಿಜ್ (ಸೋಸುವ ಫಿಲ್ಟರ್; ಮೈಕ್ರಾನ್ ಕಡಿಮೆಯಾದಷ್ಟೂ ಜಾಲರಿ ಬಿಗಿ), ಕೆಳಗೆ ಒಳಗಿನದು ಕಾಣುವ ಬಟ್ಟಲು, ನೀರು ಬಿಡಲು ನಾಬ್, ಮೇಲೆ ಕೈಪಂಪು. ಟ್ಯಾಂಕಿಗೂ ಕಂಪನಿ ಫಿಲ್ಟರ್‌ಗೂ ನಡುವೆ ಕೂರಿಸಿದೆವು. 'ಇನ್ನೂ ನುಣ್ಣಗೆ ಸೋಸಲಿ' ಅಂತ 2 ಮೈಕ್ರಾನ್ ಹಾಕಿಸುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎಳೆಯುವ ಕಡೆಗೆ ಅಷ್ಟು ಬಿಗಿ ಜಾಲರಿ ಇಟ್ಟರೆ ಬೇಗ ಕಟ್ಟಿಕೊಂಡು ಪಂಪಿಗೇ ಡೀಸೆಲ್ ಸಾಲುವುದಿಲ್ಲ. ನುಣ್ಣಗೆ ಸೋಸಲು ಕಂಪನಿ ಫಿಲ್ಟರ್ ಇದ್ದೇ ಇದೆ.

ಅಮೆರಿಕದ ವಿಡಿಯೊ ನೋಡಿ ಎಲೆಕ್ಟ್ರಿಕ್ ಲಿಫ್ಟ್ ಪಂಪ್ (ಟ್ಯಾಂಕಿನ ಡೀಸೆಲ್ಲನ್ನು ಹೈ ಪ್ರೆಶರ್ ಪಂಪಿನ ಕಡೆ ತಳ್ಳುವ ಪಂಪು) ಕೂಡ ಬೇಕಾ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಕಥೆ ಬೇರೆ. ಅಲ್ಲಿನ ಷೆವ್ರೊಲೆ, ಜಿಎಂಸಿ ಪಿಕಪ್‌ಗಳಲ್ಲಿ 6.6 ಲೀಟರ್ ಡ್ಯುರಾಮ್ಯಾಕ್ಸ್ ಎಂಜಿನ್ 2001ರಲ್ಲಿ ಬಂದಾಗಿನಿಂದ 2016ರವರೆಗೂ ಕಂಪನಿ ಲಿಫ್ಟ್ ಪಂಪ್ ಕೊಟ್ಟಿರಲಿಲ್ಲ. 2017ರ ಮಾಡೆಲ್‌ನಲ್ಲಿ ಟ್ಯಾಂಕಿನೊಳಗೆ ಪಂಪ್ ಬಂತು. ಎಂಜಿನ್ ಟ್ಯೂನ್ ಮಾಡಿಸಿ ಜಾಸ್ತಿ ಡೀಸೆಲ್ ಕುಡಿಸುವವರು ಹಳೆಯ ಗಾಡಿಗಳಿಗೆ ಅದನ್ನು ಹೊರಗಿಂದ ಹಾಕಿಸಿಕೊಳ್ಳುತ್ತಾರೆ. ನನ್ನ ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ. ಶಿರಾಡಿ ಘಾಟಿ ಮಧ್ಯೆ ಕೆಟ್ಟು ನಿಲ್ಲಬಹುದಾದ ಇನ್ನೊಂದು ವಸ್ತು ಸುಮ್ನೆ ಯಾಕೆ?

ಈಗ ತೊಂದರೆಗಳು. ಕಿಟ್‌ನ ಜೊತೆ ಕೊಟ್ಟ ಕ್ಲಾಂಪುಗಳು ಕಳಪೆ. ಒಂದಷ್ಟು ತಿಂಗಳಾದ ಮೇಲೆ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಎಲ್ಲೂ ಒಂದು ಹನಿ ಡೀಸೆಲ್ ಸೋರಿಲ್ಲ! ಎಳೆಯುವ ಕಡೆ ಪೈಪು ಸಡಿಲವಾದರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ಮೆಕ್ಯಾನಿಕ್ ಸ್ವಲ್ಪ ಹೊತ್ತು ಪಾರದರ್ಶಕ ಪೈಪು ಜೋಡಿಸಿ ನೋಡಿದರು, ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ಸುತ್ತಲೂ ಒಂದೇ ಸಮ ಬಿಗಿಯುವ, ಡೀಸೆಲ್ ಪೈಪಿಗೆಂದೇ ಬರುವ ಕ್ಲಾಂಪ್ ಹಾಕಿದ ಮೇಲೆ ಆ ಕಾಟ ನಿಂತಿತು. ತೋಟದ ರಸ್ತೆಗೆ ಬ್ರಾಕೆಟ್ ಕೂಡ ಬಿರುಕು ಬಿಟ್ಟಿತು, ದಪ್ಪ ಪ್ಲೇಟಿನಲ್ಲಿ ಹೊಸದು ಮಾಡಿಸಿದೆವು. ಹಾಕಿಸುವವರು ಸೈಲೆನ್ಸರ್ ಬಿಸಿ ತಾಗದ ಜಾಗ ನೋಡಿ, ಚಾಸಿಯ ಕೆಳಗೆ ಜೋತುಬೀಳದ ಹಾಗೆ ಕೂರಿಸಲು ಹೇಳಿ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಟ್ಟಲು ನೋಡುತ್ತೇನೆ. ಡೀಸೆಲ್ ಕೆಳಗೆ ನೀರಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ನಾಬ್ ಸಡಿಲಿಸಿ ಬಿಟ್ಟು, ಕೈಪಂಪು ಒತ್ತಿ ಗಾಳಿ ತೆಗೆದರೆ ಮುಗಿಯಿತು. ಬೇಸಿಗೆಯಲ್ಲಿ ಬಟ್ಟಲಲ್ಲಿ ಹೆಚ್ಚೇನೂ ಇರುವುದಿಲ್ಲ. ಒಳ್ಳೆಯ ಬಂಕಿನಲ್ಲಿ ಹಾಕಿಸಿ, ದಿನಾ ಓಡಿಸಿ, ಬ್ಯಾರೆಲ್ ಮುಟ್ಟದವರಿಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಬಿಎಸ್-6 ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಸರ್ವಿಸ್ ಸೆಂಟರ್‌ನವರನ್ನು ಕೇಳದೆ ಪೈಪಿಗೆ ಕೈ ಹಾಕಬೇಡಿ.

ಕಾರ್ಟ್ರಿಜ್ ನಮ್ಮ ಕಡೆ ಸಿಗುವುದಿಲ್ಲ. ಯಾರಾದರೂ ಬೆಂಗಳೂರಿಗೆ ಹೊರಟಾಗ ಎರಡು ತರಿಸಿಟ್ಟುಕೊಳ್ಳುತ್ತೇನೆ, ಜೊತೆಗೆ ಬಟ್ಟಲಿನ ರಬ್ಬರ್ ರಿಂಗ್ ಕೂಡ.