ಶಿರಸಿ ಬದಿಯ ತೋಟದ ಮನೆ: ಜಗುಲಿ ದೊಡ್ಡದು, ಬಚ್ಚಲು ಸಾಲದು

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ ಸಾಗಿದರೆ ಸಿಗುವ ಈ ಹೋಂಸ್ಟೇಯನ್ನು, ಅಡಿಕೆ ಕೊಯ್ಲು ಮುಗಿಯುತ್ತ ಆಲೆಮನೆಗಳು ಶುರುವಾಗುವ ಹೊತ್ತಿಗೆ, ಮೂರು ಕುಟುಂಬಗಳ ಹದಿನಾಲ್ಕು ಜನರಿಗಾಗಿ ಪೂರ್ತಿಯಾಗಿ ಕಾದಿರಿಸಿದ್ದೆವು. ಗುಂಪಾಗಿ ಬರುವವರಿಗೆ ಕೋಣೆಗಳ ಅಂದಕ್ಕಿಂತ ಎಲ್ಲರೂ ಒಟ್ಟಿಗೆ ಕೂರುವ ಜಾಗವೇ ಮುಖ್ಯ ಎಂಬುದು ನನ್ನ ಎಣಿಕೆ. ಆ ಲೆಕ್ಕದಲ್ಲಿ ಈ ಮನೆ ಗೆದ್ದಿದೆ.

ಕೆಂಪು ಹಂಚಿನ ಹಳೆಯ ಮನೆ, ಅಂಗಳಕ್ಕೆ ಮುಖ ಮಾಡಿದ ಉದ್ದನೆಯ ಜಗುಲಿ, ಮೇಲೆ ಹಲಗೆ ಹಾಸಿದ ಮೆತ್ತು, ಅಂದರೆ ಮಹಡಿ. ಹಗಲೆಲ್ಲ ತೋಟ, ಹಳ್ಳ ಎಂದು ಚದುರಿದವರು ಸಂಜೆಗೆ ತಾವಾಗಿಯೇ ಜಗುಲಿಗೆ ಬಂದು ಸೇರುತ್ತಿದ್ದರು. ಅದರ ಒಂದು ತುದಿಯಲ್ಲಿ ಊರಿನ ಹೆಂಗಸರು ಮೆಟ್ಟುಗತ್ತಿಯ (ಕಾಲಿನಿಂದ ಒತ್ತಿ ಹಿಡಿಯುವ ಕತ್ತಿ) ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರೆ, ನಮ್ಮ ಮಕ್ಕಳು ಮೊಬೈಲು ಮರೆತು ಸಿಪ್ಪೆಯ ರಾಶಿಯ ಪಕ್ಕ ಕುಳಿತಿರುತ್ತಿದ್ದರು. ಅಲ್ಲಿ ನೆಟ್‌ವರ್ಕ್ ಸಿಗದಿರುವುದೂ ಅದಕ್ಕೊಂದು ಕಾರಣವಿರಬೇಕು.

ಊಟದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಮಾವು ಇನ್ನೂ ಹೂವಿನಲ್ಲಿದ್ದುದರಿಂದ, ಉಪ್ಪುನೀರಿನಲ್ಲಿ ಹಾಕಿಟ್ಟಿದ್ದ ಮಾವಿನಕಾಯಿಯನ್ನೇ ಕಿವುಚಿ ಅಪ್ಪೆಹುಳಿ ಮಾಡಿದ್ದರು. ಅನ್ನಕ್ಕೆ ಕಲಸಿದ್ದಕ್ಕಿಂತ ಲೋಟಕ್ಕೆ ಹಾಕಿಸಿಕೊಂಡು ಕುಡಿದದ್ದೇ ಹೆಚ್ಚು. ಒಂದೆಲಗದ ತಂಬುಳಿ, ಹಲಸಿನ ಹಪ್ಪಳ, ಬೆಳಿಗ್ಗೆ ತೆಳ್ಳೇವು ಎಂಬ ತೆಳ್ಳನೆಯ ದೋಸೆಯ ಜೊತೆಗೆ ಜೋನಿಬೆಲ್ಲ, ಅಂದರೆ ನೀರಾದ ಬೆಲ್ಲ. ಮುಂಚಿತವಾಗಿ ತಿಳಿಸಿದ್ದರೆ ತೊಡೆದೇವು ಎಂಬ ಸಿಹಿಯನ್ನೂ ಎದುರಿಗೇ ಮಾಡಿ ಕೊಡುತ್ತಾರೆ. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳನೆಯ ಅಕ್ಕಿಹಿಟ್ಟಿನಲ್ಲಿ ಬಟ್ಟೆಯನ್ನು ಅದ್ದಿ, ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಒಂದೇ ಬೀಸಿಗೆ ಎಳೆದು, ಕ್ಷಣದಲ್ಲಿ ಕಾಗದದಂತೆ ಎದ್ದ ಹಾಳೆಯನ್ನು ಬಿಸಿಯಿರುವಾಗಲೇ ಮಡಚುವ ಮನೆಯೊಡತಿಯ ಕೈಚಳಕವನ್ನು ನೋಡಲು ಒಲೆಯ ಮುಂದೆ ನೂಕುನುಗ್ಗಲೇ ಆಯಿತು.

ಇನ್ನು ಕೊರತೆಗಳು. ಪ್ರತಿ ಕೋಣೆಗೂ ಸ್ನಾನಗೃಹವಿದೆ ಎಂದು ಫೋನಿನಲ್ಲಿ ಹೇಳಿದ್ದರು. ಇದ್ದದ್ದು ಇಡೀ ಮನೆಗೆ ಎರಡು ಬಚ್ಚಲು. ಕಟ್ಟಿಗೆ ಒಲೆಯ ಹಂಡೆಯಲ್ಲಿ ಕಾದ ನೀರಿನ ಸ್ನಾನ ಸುಖವಾದದ್ದೇ, ಆದರೆ ನಾಲ್ಕು ಜನರ ಸ್ನಾನವಾಗುವಷ್ಟರಲ್ಲಿ ಹಂಡೆ ಬರಿದಾಗಿ, ಮತ್ತೆ ನೀರು ತುಂಬಿಸಿ ಕಾಯಬೇಕಾಗುತ್ತಿತ್ತು. ಹೀಗಾಗಿ ಬೆಳಿಗ್ಗೆ ಬೇಗ ಹೊರಡುವ ಯೋಜನೆಗಳೆಲ್ಲ ತಲೆಕೆಳಗಾದವು. ಮೆತ್ತಿನ ಏಣಿ ಕಡಿದಾಗಿದ್ದು, ಮಂಡಿ ನೋವಿನ ಹಿರಿಯರು ಹತ್ತುವಂತಿಲ್ಲ. ಕೆಳಗಿರುವುದು ಒಂದೇ ಕೋಣೆ. ಕೊನೆಯ ಮಣ್ಣಿನ ರಸ್ತೆಯಲ್ಲಿ ಟೆಂಪೋ ಟ್ರಾವೆಲರ್ ಇಳಿಯುವುದಿಲ್ಲ. ಸಾಮಾನು ಒಯ್ಯಲು ಯಜಮಾನರು ತಮ್ಮ ಜೀಪನ್ನು ಕಳುಹಿಸಿದರು. ಮಳೆಗಾಲದಲ್ಲಿ ಬರುವವರು ರಸ್ತೆಯ ಸ್ಥಿತಿಯನ್ನು ಕೇಳಿಕೊಂಡೇ ಹೊರಡಬೇಕು, ಉಂಬಳಗಳಿಗೂ (ಜಿಗಣೆಗಳಿಗೂ) ಸಿದ್ಧರಾಗಿರಬೇಕು.

ಸುತ್ತಾಟಕ್ಕೆ ಸ್ಥಳಗಳು ಧಾರಾಳವಾಗಿವೆ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗ ಹತ್ತಿರದಲ್ಲಿದ್ದು, ನೀರು ಇಳಿದಿದ್ದರಿಂದ ಕೆತ್ತನೆಗಳು ಚೆನ್ನಾಗಿ ಕಂಡವು. ಹಿರಿಯರಿದ್ದರೆ ಬನವಾಸಿಯ ಮಧುಕೇಶ್ವರ ದೇವಸ್ಥಾನ ಅನುಕೂಲ. ಎತ್ತರದ ಕಪ್ಪು ಬಂಡೆಗಳ ಯಾಣದಲ್ಲಿ ನಡಿಗೆಯೂ ಮೆಟ್ಟಿಲುಗಳೂ ಇರುವುದರಿಂದ ಅದನ್ನು ನಡೆಯಬಲ್ಲವರಿಗೆ ಬಿಡುವುದು ಲೇಸು.

ದರವನ್ನು ಊಟ ಸೇರಿಸಿ ತಲೆಗೆ ಇಷ್ಟೆಂದು ಹೇಳುತ್ತಾರೆ, ಅದು ನ್ಯಾಯವಾಗಿಯೇ ಇದೆ. ಆದರೆ ಚಾಲಕರ ಊಟ, ವಸತಿ ಮತ್ತು ಜೀಪಿನ ಬಾಡಿಗೆಯನ್ನು ಹೊರಡುವಾಗ ಸೇರಿಸಿದರು. ಮೊತ್ತ ದೊಡ್ಡದಲ್ಲವಾದರೂ, ಮುಂಗಡ ಕಳುಹಿಸುವ ಮುನ್ನ ಇವೆರಡನ್ನೂ ಬಚ್ಚಲುಗಳ ಸಂಖ್ಯೆಯನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.